ಸ್ಕೋರ್ ಏರಿದೆ, ತಮ್ಮ ಮಾತ್ರ ಸುಧಾರಿಸಿದ ಹಾಗೆ ಕಾಣ್ತಾನೆ: ಯಾವುದನ್ನು ನಂಬೋದು?

ಪ್ರಶ್ನೆ: ನನ್ನ ತಮ್ಮನಿಗೆ 29 ವರ್ಷ. ಆಟಿಸಂ ಇದೆ ಅಂತ ಗೊತ್ತಾಗಿದ್ದು 26ನೇ ವಯಸ್ಸಿನಲ್ಲಿ. ಕೆಲಸಕ್ಕೆ ಹೋಗ್ತಾನೆ. ಖಿನ್ನತೆಗೆ ಅಂತ ಆರು ತಿಂಗಳಿಂದ ಥೆರಪಿ ನಡೀತಿದೆ. ಶುರುವಿನಲ್ಲಿ, ಖಿನ್ನತೆ ಅಳೆಯೋ ಪಿಎಚ್‌ಕ್ಯೂ-9 ಅನ್ನೋ ಪ್ರಶ್ನಾವಳಿಯಲ್ಲಿ 11 ಬಂದಿತ್ತು, ಈಗ 15 ಬಂದಿದೆ. ಅಂಕ ಏರಿದಷ್ಟೂ ಖಿನ್ನತೆ ಜಾಸ್ತಿ ಅಂತಾರೆ. "ಇದು ಕೆಲಸ ಮಾಡ್ತಿಲ್ಲ ಅನ್ಸುತ್ತೆ, ಬೇರೆ ದಾರಿ ನೋಡೋಣ" ಅಂತ ಥೆರಪಿಸ್ಟ್ ಹೇಳಿದರು. ಆದರೆ ಮನೇಲಿ ನಮಗೆ ಕಾಣೋದೇ ಬೇರೆ. ನಿದ್ದೆ ಸರಿಹೋಗಿದೆ. ಒಂದು ವರ್ಷದಿಂದ ಮುಟ್ಟದೇ ಇದ್ದ ಹಳೆಯ ರೇಡಿಯೊಗಳನ್ನು ಮತ್ತೆ ಬಿಚ್ಚಿ ರಿಪೇರಿ ಮಾಡೋಕೆ ಕೂರ್ತಾನೆ. ನೆಂಟರು ಬಂದರೆ ಹೊರಗೆ ಬಂದು ಕೂರ್ತಾನೆ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ತಾನೆ. ಅಮ್ಮನಿಗಂತೂ ಅದೇ ದೊಡ್ಡ ಖುಷಿ. ಮೊದಲ ಸಲ ಥೆರಪಿಸ್ಟೇ ಪ್ರಶ್ನೆ ಓದಿ ಉತ್ತರ ಬರೆದುಕೊಂಡಿದ್ದರು. ಈ ಸಲ ಅವನೇ ಮನೇಲಿ ಫೋನಿನಲ್ಲಿ ತುಂಬಿದ. ಅವನ ಒಪ್ಪಿಗೆ ಪಡೆದೇ ಎರಡೂ ಹಾಳೆಗಳನ್ನು ಕಳಿಸ್ತಿದ್ದೀನಿ. ನಾವು ಸ್ಕೋರನ್ನು ನಂಬೋದಾ, ಕಣ್ಣನ್ನು ನಂಬೋದಾ?

ಉತ್ತರ: ಒಪ್ಪಿಗೆ ಕೇಳಿ ಕಳಿಸಿದ್ದೀರಿ, ಅದು ತುಂಬಾ ಒಳ್ಳೆಯದು. ನಿಮ್ಮ ಪ್ರಶ್ನೆಯಲ್ಲಿ ಥೆರಪಿಸ್ಟ್ ಏನಂದರು ಅಂತ ಇದೆ, ಅಮ್ಮನಿಗೆ ಏನನ್ನಿಸಿತು ಅಂತ ಇದೆ, ನಿಮಗೇನು ಕಂಡಿತು ಅಂತಲೂ ಇದೆ. ನಿಮ್ಮ ತಮ್ಮನಿಗೆ ಏನನ್ನಿಸ್ತಿದೆ ಅನ್ನೋದು ಮಾತ್ರ ಇಲ್ಲ. ಈ ಉತ್ತರವನ್ನು ಅವರ ಜೊತೆ ಕೂತು ಓದಿ ಅಂತ ಮೊದಲೇ ಕೇಳಿಕೊಳ್ತೀನಿ.

ಮೊದಲು ಆ 11 ಮತ್ತು 15ನ್ನೇ ನೋಡೋಣ. ಪಿಎಚ್‌ಕ್ಯೂ-9 ಬಂದಿದ್ದು 2001ರಲ್ಲಿ. ಒಂಬತ್ತು ಪ್ರಶ್ನೆ. ಕಳೆದ ಎರಡು ವಾರದಲ್ಲಿ ಇದು ನಿಮ್ಮನ್ನು ಎಷ್ಟು ದಿನ ಕಾಡಿತು ಅಂತ ಪ್ರತಿಯೊಂದಕ್ಕೂ ಕೇಳ್ತಾರೆ. ಉತ್ತರಕ್ಕೆ 0ಯಿಂದ 3 ಅಂಕ, ಒಟ್ಟು 27. ಹತ್ತರಿಂದ ಹದಿನಾಲ್ಕರವರೆಗೆ ಇದ್ದರೆ ಮಧ್ಯಮ, ಹದಿನೈದು ಮುಟ್ಟಿದರೆ ಅದಕ್ಕಿಂತ ಒಂದು ಮೆಟ್ಟಿಲು ತೀವ್ರ ಅನ್ನೋ ಹೆಸರು ಬೀಳುತ್ತೆ. ಹಾಗಾಗಿ ಕಾಗದದ ಮೇಲೆ ನಿಮ್ಮ ತಮ್ಮ ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಹೋದರು. ನೋಡಿದವರಿಗೆ ಗಾಬರಿ ಆಗೋದು ಸಹಜ. ಆದರೆ ಬದಲಾಗಿದ್ದು ನಾಲ್ಕು ಅಂಕ. ಈ ಪ್ರಶ್ನಾವಳಿಯಲ್ಲಿ ಐದು ಅಂಕದ ಏರಿಳಿತ ಇದ್ದರೆ ಲೆಕ್ಕಕ್ಕೆ ತಗೊಳ್ಳಬೇಕು ಅನ್ನೋದು ರೂಢಿ. ಅದಕ್ಕಿಂತ ಕಡಿಮೆ ಇದ್ದರೆ ಅಳತೆಯ ಅಲುಗಾಟವೇ ಇರಬಹುದು. ಯಾವ ಪ್ರಶ್ನಾವಳಿಯೂ ಎರಡು ಸಲ ತುಂಬಿದರೆ ಅದೇ ಅಂಕ ಕೊಡೋದಿಲ್ಲ. ಈ ಅಲುಗಾಟವನ್ನು ಕಳೆದ ಮೇಲೆ ಉಳಿಯೋದು ನಿಜವಾದ ಬದಲಾವಣೆಯಾ ಅಂತ ಲೆಕ್ಕ ಹಾಕೋ ಒಂದು ವಿಧಾನವನ್ನು ಜೇಕಬ್‌ಸನ್ ಮತ್ತು ಟ್ರುವಾಕ್ಸ್ ಅನ್ನೋ ಸಂಶೋಧಕರು 1991ರಲ್ಲೇ ಕೊಟ್ಟಿದ್ದಾರೆ. ಅಷ್ಟು ದೂರ ಹೋಗೋದೂ ಬೇಡ. ಮೊದಲ ಸಲ ಎದುರು ಕೂತ ಅಪರಿಚಿತರಿಗೆ ಬಾಯಲ್ಲಿ ಹೇಳಿದ ಉತ್ತರ. ಎರಡನೇ ಸಲ ಯಾರ ಒತ್ತಡವೂ ಇಲ್ಲದೆ, ಬೇಕಾದಷ್ಟು ಸಮಯ ತಗೊಂಡು ತುಂಬಿದ ಉತ್ತರ. ಎದುರಿಗಿರುವವರಿಗೆ ಬೇಗ ಉತ್ತರ ಕೊಡಬೇಕು ಅನ್ನೋ ಒತ್ತಡದಲ್ಲಿ "ಇಲ್ಲ, ಇಲ್ಲ, ಪರವಾಗಿಲ್ಲ" ಅಂದುಬಿಡೋದು ಆಟಿಸಂ ಇರುವ ಬಹಳ ಜನರಲ್ಲಿ ನಾನು ಕಂಡ ವಿಷಯ. ಅಳೆದ ರೀತಿಯೇ ಬದಲಾದ ಮೇಲೆ, ಬರೀ ಈ ನಾಲ್ಕು ಅಂಕ ಇಟ್ಟುಕೊಂಡು ಥೆರಪಿ ಸೋತಿತು ಅಂತ ನಾನಂತೂ ಹೇಳಲಾರೆ.

ಒಟ್ಟು ಅಂಕ ಬಿಟ್ಟು ಒಂದೊಂದೇ ಪ್ರಶ್ನೆಗೆ ಬರೋಣ. ನೀವು ಕಳಿಸಿದ ಹಾಳೆಗಳಲ್ಲಿ ನಿಜವಾದ ಸುದ್ದಿ ಇರೋದು ಅಲ್ಲಿ. ನಿದ್ದೆಯ ಪ್ರಶ್ನೆ 3ರಿಂದ 1ಕ್ಕೆ ಇಳಿದಿದೆ. ಸುಸ್ತು 3 ಇತ್ತು, 3 ಆಗಿಯೇ ಇದೆ. ಊಟ ಆಗಲೂ 1, ಈಗಲೂ 1. ಚಡಪಡಿಕೆ ಅಥವಾ ನಿಧಾನ ಆಗೋದರ ಬಗ್ಗೆ ಇರುವ ಪ್ರಶ್ನೆ 2ರಲ್ಲೇ ನಿಂತಿದೆ. ಆಸಕ್ತಿಯದ್ದು ಮತ್ತು ಗಮನದ್ದು ಒಂದೊಂದು ಅಂಕ ಏರಿವೆ. ದೊಡ್ಡದಾಗಿ ಏರಿದ್ದು ಎರಡೇ. ಮನಸ್ಸು ಕುಗ್ಗಿದೆಯಾ ಅನ್ನೋದು 0ಯಿಂದ 2ಕ್ಕೆ. ನಿಮ್ಮ ಬಗ್ಗೆ ನಿಮಗೇ ಬೇಸರವಾ, ಸೋತೆ ಅನ್ನಿಸುತ್ತಾ ಅನ್ನೋದು 0ಯಿಂದ 2ಕ್ಕೆ.

ಸ್ವಲ್ಪ ನಿಂತು ಯೋಚಿಸಿ. ಶುರುವಿನಲ್ಲಿ ನಿದ್ದೆ ಪೂರ್ತಿ ಕೆಟ್ಟಿತ್ತು, ಸುಸ್ತು ಪೂರ್ತಿ ಇತ್ತು, ಒಂದು ಕಾಲಕ್ಕೆ ಇಷ್ಟವಾಗಿದ್ದ ರೇಡಿಯೊಗಳನ್ನು ಮುಟ್ಟುತ್ತಿರಲಿಲ್ಲ. ಆದರೂ ಮನಸ್ಸು ಕುಗ್ಗಿದೆಯಾ ಅಂದರೆ ಸೊನ್ನೆ! ದೇಹ ಖಿನ್ನತೆಯ ಕಥೆ ಹೇಳ್ತಿದೆ, ಭಾವನೆಯ ಜಾಗ ಖಾಲಿ. ಇದನ್ನು ನೋಡಿದಾಗ ನನಗೆ ಮೊದಲು ನೆನಪಾಗೋದು ಅಲೆಕ್ಸಿಥೈಮಿಯಾ. ತನ್ನೊಳಗೆ ಏನಾಗ್ತಿದೆ ಅಂತ ಗುರುತು ಹಿಡಿಯೋಕೆ, ಅದಕ್ಕೊಂದು ಹೆಸರು ಕೊಡೋಕೆ ಕಷ್ಟ ಆಗೋ ಸ್ಥಿತಿ ಅದು. ಭಾವನೆ ಇಲ್ಲ ಅಂತಲ್ಲ. ಇದೆ, ಗೊತ್ತಾಗೋದಿಲ್ಲ. ಹೊಟ್ಟೆ ಹಿಂಡಿದ ಹಾಗಾಗುತ್ತೆ, ತಲೆ ಭಾರ ಆಗುತ್ತೆ, ಆದರೆ ಅದು ದುಃಖವಾ ಭಯವಾ ಹಸಿವಾ ಅಂತ ಬಿಡಿಸಿ ನೋಡೋಕೆ ಆಗೋದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2019ರಲ್ಲಿ ಒಂದು ವಿಶ್ಲೇಷಣೆ ಬಂತು. ಆಟಿಸಂ ಇರುವವರಲ್ಲಿ ಸುಮಾರು 50% ಜನರಿಗೆ ಇದು ಇರುತ್ತೆ, ಉಳಿದವರಲ್ಲಿ ಸುಮಾರು 5% ಅಂತ ಅದರಲ್ಲಿ ಕಂಡಿತು. ಅಂದರೆ ಭಾವನೆ ಕೇಳುವ ಯಾವ ಪ್ರಶ್ನಾವಳಿ ಕೊಟ್ಟರೂ, ಅದನ್ನು ತುಂಬುವ ಆಟಿಸಂ ಇರುವವರಲ್ಲಿ ಸುಮಾರು ಅರ್ಧ ಜನರಿಗೆ ಪ್ರಶ್ನೆಯೇ ಕೈಗೆ ಸಿಗದೆ ಇರಬಹುದು.

ಈಗ ಆರು ತಿಂಗಳ ಥೆರಪಿ ಆಗಿದೆ. ಒಳ್ಳೆಯ ಥೆರಪಿಯಲ್ಲಿ ಮೊದಲು ಕಲಿಸೋದೇ ಇದನ್ನು: ಒಳಗಿರೋದನ್ನು ಗುರುತು ಹಿಡಿಯೋದು. ಹೊಸದಾಗಿ ಕನ್ನಡಕ ಹಾಕಿಕೊಂಡವರಿಗೆ ಮನೆಯ ಗೋಡೆಯ ಕೊಳೆ ಕಾಣೋಕೆ ಶುರುವಾಗುತ್ತಲ್ವಾ, ಹಾಗೆ. ಕೊಳೆ ಅವತ್ತು ಬಂದಿದ್ದಲ್ಲ. ಹಾಗಾಗಿ ಆ ಎರಡು ಪ್ರಶ್ನೆಗಳಲ್ಲಿ ಏರಿದ ನಾಲ್ಕು ಅಂಕ, ಥೆರಪಿ ಕೆಲಸ ಮಾಡ್ತಿರುವುದರ ಗುರುತೂ ಆಗಿರಬಹುದು.

"ಆಗಿರಬಹುದು" ಅಂತ ಬೇಕಂತಲೇ ಬರೆದೆ. ಇನ್ನೊಂದು ಸಾಧ್ಯತೆಯೂ ಇದೆ, ಅದನ್ನು ತಳ್ಳಿಹಾಕಬಾರದು. ಅವರಿಗೆ ನಿಜವಾಗಿಯೂ ದುಃಖ ಜಾಸ್ತಿ ಆಗಿರಬಹುದು. 26ರಲ್ಲಿ ಆಟಿಸಂ ಗೊತ್ತಾದವರು ಹಿಂದಿನದ್ದನ್ನೆಲ್ಲ ಮತ್ತೆ ಓದಿಕೊಳ್ತಾರೆ. ಶಾಲೆಯಲ್ಲಿ, ಕೆಲಸದಲ್ಲಿ, ಮನೆಯಲ್ಲಿ ಆಗಿದ್ದೆಲ್ಲ ಬೇರೆ ಬೆಳಕಿನಲ್ಲಿ ಕಾಣುತ್ತೆ. ಅದು ನೋವು ಕೊಡುತ್ತೆ. ಥೆರಪಿಯಲ್ಲಿ ಅದೇ ವಿಷಯ ಹೊರಗೆ ಬಂದಿದ್ದರೂ ಅಂಕ ಏರುತ್ತೆ.

ಎರಡರಲ್ಲಿ ಯಾವುದು ಅಂತ ತಿಳಿಯೋಕೆ ಒಂದು ಸರಳ ಉಪಾಯ ಇದೆ. ಅದೇ ಪ್ರಶ್ನಾವಳಿಯನ್ನು ಅವರಿಗೆ ಇನ್ನೊಂದು ಸಲ ಕೊಡಿ ಅಂತ ಥೆರಪಿಸ್ಟ್‌ಗೆ ಹೇಳಿ. ಈ ಸಲ ಕೇಳಬೇಕಾದ್ದು ಹೀಗೆ: "ಈಗ ನಿಮಗೆ ತಿಳಿದಿರುವುದನ್ನು ಇಟ್ಟುಕೊಂಡು, ಆರು ತಿಂಗಳ ಹಿಂದಿನ ಆ ಎರಡು ವಾರಗಳಿಗೆ ಉತ್ತರ ಕೊಡಿ." ಆಗಿನ ಕುಗ್ಗುವಿಕೆಗೆ ಈಗ ಅವರು 3 ಹಾಕಿದರೆ, 0ಯಿಂದ 2 ಆಗಿದ್ದು ಏರಿಕೆಯಲ್ಲ, 3ರಿಂದ 2ಕ್ಕೆ ಇಳಿಕೆ. ಈಗಲೂ 0 ಅಂತಲೇ ಖಚಿತವಾಗಿ ಹೇಳಿದರೆ, ದುಃಖ ಹೊಸದು ಅಂತ ಗಂಭೀರವಾಗಿ ತಗೊಳ್ಳಿ. ನೆನಪು ಯಾವಾಗಲೂ ನಂಬಿಕಸ್ಥ ಸಾಕ್ಷಿ ಅಲ್ಲ. ಆದ್ದರಿಂದ ಈ ಉತ್ತರವನ್ನು ಒಂದು ಸುಳಿವು ಅಂತ ಮಾತ್ರ ಇಟ್ಟುಕೊಳ್ಳಬೇಕು. ಆದರೆ ನಿದ್ದೆಯ ಇಳಿಕೆ ಮತ್ತು ರೇಡಿಯೊದ ಸಂಗತಿ ಈಗಾಗಲೇ ಒಂದು ಕಡೆಗೆ ವಾಲುತ್ತಿವೆ. ಅದರ ಜೊತೆ ಈ ಸುಳಿವೂ ಸೇರಿದರೆ ಚಿತ್ರ ಸ್ಪಷ್ಟವಾಗುತ್ತೆ.

ಉಳಿದ ಪ್ರಶ್ನೆಗಳನ್ನೂ ಅವರ ಜೊತೆ ಒಂದೊಂದಾಗಿ ಮಾತಾಡಿ ಅನ್ನೋದಕ್ಕೆ ಕಾರಣ ಇದೆ. ಗಮನದ ಬಗ್ಗೆ ಇರುವ ಪ್ರಶ್ನೆಯಲ್ಲಿ ಪೇಪರ್ ಓದೋದು, ಟಿವಿ ನೋಡೋದು ಅಂತ ಉದಾಹರಣೆ ಕೊಟ್ಟಿರುತ್ತಾರೆ. ಪೇಪರನ್ನೂ ಓದದ, ಟಿವಿಯನ್ನೂ ನೋಡದ ಒಬ್ಬರು ಆ ಪ್ರಶ್ನೆಗೆ ಸೊನ್ನೆ ಹಾಕಿದ್ದನ್ನು ನಾನು ನೋಡಿದ್ದೀನಿ. ಕೆಲಸದಲ್ಲಿ ಒಂದು ಇಮೇಲ್ ಬರೆಯೋಕೆ ಅರ್ಧ ದಿನ ಬೇಕಾಗ್ತಿತ್ತು ಅವರಿಗೆ. ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟಿದ್ದರು, ತಪ್ಪು ಪ್ರಶ್ನೆಯದ್ದು. ಊಟದ ಪ್ರಶ್ನೆಯೂ ಹಾಗೇ. ದಿನಾ ಒಂದೇ ಹೊತ್ತಿಗೆ ಒಂದೇ ಅಡುಗೆ ತಿನ್ನುವವರಿಗೆ ಹಸಿವು ಸತ್ತರೂ ತಟ್ಟೆ ಖಾಲಿ ಆಗುತ್ತೆ. ಚಡಪಡಿಕೆಯ ಪ್ರಶ್ನೆಯಲ್ಲಿ ಉಲ್ಟಾ. ಕೈ ಆಡಿಸೋದು, ಅತ್ತಿತ್ತ ಓಡಾಡೋದು ಅವರು ತಮ್ಮನ್ನು ತಾವು ಸಮಾಧಾನ ಮಾಡಿಕೊಳ್ಳುವ ರೀತಿ ಇರಬಹುದು. ಹುಟ್ಟಿದಾಗಿಂದ ಇರುವ ಅಭ್ಯಾಸಕ್ಕೆ 2 ಅಂಕ ಬಿದ್ದರೆ, ಖಿನ್ನತೆ ಪೂರ್ತಿ ಹೋದರೂ ಆ 2 ಅಂಕ ಅಲ್ಲೇ ಉಳಿಯುತ್ತೆ. ನಿಮ್ಮ ತಮ್ಮನ ಹಾಳೆಯಲ್ಲಿ ಎರಡೂ ಸಲ ಅದು 2 ಇರೋದನ್ನು ನೋಡಿದರೆ ಹಾಗೇ ಅನ್ನಿಸುತ್ತೆ. ಅವರನ್ನೇ ಕೇಳಿ.

"ಕೆಲವು ದಿನ", "ಅರ್ಧಕ್ಕಿಂತ ಹೆಚ್ಚು ದಿನ" ಅನ್ನೋ ಆಯ್ಕೆಗಳು ಕೂಡ ಕೆಲವರನ್ನು ತುಂಬಾ ಕಾಡುತ್ತವೆ. ಕೆಲವು ಅಂದರೆ ಎಷ್ಟು? ಕ್ಯಾಲೆಂಡರ್ ಮುಂದಿಟ್ಟು, ಈ 14 ದಿನದಲ್ಲಿ ಎಷ್ಟು ದಿನ ಅಂತ ಎಣಿಸಿದರೆ ಉತ್ತರ ಸಲೀಸಾಗಿ ಬರುತ್ತೆ. ಪ್ರಶ್ನೆಗಳನ್ನು ಒಂದು ದಿನ ಮೊದಲೇ ಕೊಡಬೇಕು. ಪ್ರತಿ ಸಲವೂ ಒಂದೇ ರೀತಿ ಅಳೆಯಬೇಕು: ಮನೆಯಲ್ಲಾದರೆ ಮನೆಯಲ್ಲೇ, ಬರೆದಾದರೆ ಬರೆದೇ.

ಈಗ ಅಮ್ಮನ ಖುಷಿಯ ವಿಷಯ. ಇದನ್ನು ಬರೆಯೋಕೆ ಸ್ವಲ್ಪ ಸಂಕೋಚ, ಆದರೆ ಬರೆಯಲೇಬೇಕು. ಕಣ್ಣಲ್ಲಿ ಕಣ್ಣಿಟ್ಟು ಮಾತಾಡೋದು, ನೆಂಟರ ಜೊತೆ ಕೂರೋದು, ಇವನ್ನು ಮಾನಸಿಕ ಆರೋಗ್ಯ ಸುಧಾರಿಸಿದ ಲೆಕ್ಕಕ್ಕೆ ಹಾಕಬೇಡಿ. ಆಟಿಸಂ ಕಡಿಮೆ ಕಾಣೋದು ಬೇರೆ, ಮನಸ್ಸಿಗೆ ಹಗುರ ಆಗೋದು ಬೇರೆ. ಈ ಎರಡನ್ನೂ ಒಂದೇ ಅಂತ ಅಳೆದ ಅಧ್ಯಯನಗಳು ಬೇಕಾದಷ್ಟಿವೆ. ಸಾಮಾಜಿಕ ಆತಂಕ ಅಳೆಯೋಕೆ ಹೆಚ್ಚು ಬಳಸುವ ಲೀಬೋವಿಟ್ಜ್ ಪ್ರಶ್ನಾವಳಿಯಲ್ಲೂ ಅಷ್ಟಾಗಿ ಪರಿಚಯ ಇಲ್ಲದವರ ಕಣ್ಣು ನೋಡೋದರ ಬಗ್ಗೆ ಒಂದು ಪ್ರಶ್ನೆ ಇದೆ. ಒಬ್ಬರು ಭಯದಿಂದ ಕಣ್ಣು ತಪ್ಪಿಸ್ತಾರೆ. ಇನ್ನೊಬ್ಬರಿಗೆ ಕಣ್ಣು ನೋಡ್ತಾ ಮಾತು ಕೇಳೋಕೆ ಆಗೋದಿಲ್ಲ, ಅದಕ್ಕೆ ತಪ್ಪಿಸ್ತಾರೆ. ಅಂಕ ಇಬ್ಬರಿಗೂ ಒಂದೇ.

ತನ್ನ ಸಹಜ ರೀತಿಯನ್ನು ಮುಚ್ಚಿಟ್ಟು, ಬೇರೆಯವರ ಹಾಗೆ ಕಾಣೋಕೆ ಶ್ರಮ ಪಡೋದಕ್ಕೆ ಮಾಸ್ಕಿಂಗ್ ಅಂತಾರೆ. ಅದು ಜಾಸ್ತಿ ಇರುವವರಲ್ಲಿ ಆತಂಕ, ಖಿನ್ನತೆ, ಸಾಯುವ ಯೋಚನೆ ಕೂಡ ಜಾಸ್ತಿ ಇರೋದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಅದನ್ನು ಅಳೆಯೋಕೆ ಕ್ಯಾಟ್-ಕ್ಯೂ ಅನ್ನೋ 25 ಪ್ರಶ್ನೆಗಳ ಪಟ್ಟಿ 2019ರಲ್ಲಿ ಬಂದಿದೆ. ನಿಮ್ಮ ತಮ್ಮನ ಹಾಳೆಯಲ್ಲಿ ಸುಸ್ತು ಮಾತ್ರ 3ರಲ್ಲೇ ನಿಂತಿದೆ ಅಂದೆನಲ್ಲ, ನಿದ್ದೆ ಸರಿಹೋದ ಮೇಲೂ? ನನಗೆ ಅಲ್ಲೇ ಅನುಮಾನ. ನೆಂಟರು ಹೋದ ಮೇಲೆ ಅವರು ಏನು ಮಾಡ್ತಾರೆ, ಗಮನಿಸಿ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ದೀಪ ಆರಿಸಿ ಮಲಗ್ತಾರಾ? ಮಾರನೇ ದಿನ ಮಾತು ಕಡಿಮೆ ಆಗುತ್ತಾ? ಆ ದಿನ ರೇಡಿಯೊ ಮುಟ್ತಾರಾ? ಕಣ್ಣು ನೋಡಿ ಮಾತಾಡು ಅಂತ ಥೆರಪಿಯಲ್ಲಿ ಹೇಳಿಕೊಡ್ತಿದ್ದರೆ, ಅದು ಯಾರ ಆಸೆ ಅಂತ ಕೇಳಿ. ಅವರಿಗೇ ಬೇಕಿದ್ದರೆ ಸರಿ. ನಮಗೆ ಬೇಕು ಅಂತ ಅವರು ಮಾಡ್ತಿದ್ದರೆ, ಅದರ ಬೆಲೆ ಆ ಸುಸ್ತಿನಲ್ಲಿ ಕಾಣುತ್ತೆ.

ಹಾಗಾದರೆ ಏನನ್ನು ಅಳೆಯಬೇಕು? ರೇಡಿಯೊದಿಂದ ಶುರು ಮಾಡಿ ಅಂತೀನಿ. ಒಬ್ಬ ಮನುಷ್ಯ ಒಂದು ವರ್ಷ ಬಿಟ್ಟಿದ್ದ ಇಷ್ಟದ ಕೆಲಸಕ್ಕೆ ಯಾರೂ ಹೇಳದೆ ವಾಪಸ್ ಬಂದಿದ್ದಾನೆ. ನನ್ನ ಕಣ್ಣಿಗೆ ನಿಮ್ಮ ಪತ್ರದಲ್ಲಿರುವ ಅತಿ ದೊಡ್ಡ ಫಲಿತಾಂಶ ಇದೇ. ಆದರೆ ಆಸಕ್ತಿಯ ಪ್ರಶ್ನೆಯಲ್ಲಿ ಅಂಕ 1ರಿಂದ 2ಕ್ಕೆ ಏರಿದೆ! ಇದು ಯಾಕೆ ಹೀಗೆ ಅಂತ ಅವರನ್ನು ಕೇಳಲೇಬೇಕು. ಕೂರೋದು ಕೂರ್ತಾರೆ, ಆದರೆ ಮೊದಲಿನ ಖುಷಿ ಇಲ್ಲವಾ? ಅಥವಾ ರೇಡಿಯೊ ಬಿಟ್ಟು ಬೇರೆ ಯಾವುದರಲ್ಲೂ ಮನಸ್ಸಿಲ್ಲ ಅಂತ ಈಗ ಅರಿವಾಯಿತಾ?

ಇಂಥ ವೈಯಕ್ತಿಕ ಬದಲಾವಣೆ ಅಳೆಯೋಕೆ ಗೋಲ್ ಅಟೈನ್‌ಮೆಂಟ್ ಸ್ಕೇಲಿಂಗ್ ಅನ್ನೋ ವಿಧಾನ 1968ರಿಂದ ಇದೆ. ಗುರಿಯನ್ನು ಆ ವ್ಯಕ್ತಿಯೇ ಆರಿಸ್ತಾರೆ. −2ರಿಂದ +2ರವರೆಗೆ ಐದು ಮೆಟ್ಟಿಲು, ಪ್ರತಿ ಮೆಟ್ಟಿಲು ಹೇಗಿರುತ್ತೆ ಅಂತ ಮೊದಲೇ ಬರೆದಿಡಬೇಕು. ನಿಮ್ಮ ತಮ್ಮ ಒಪ್ಪಿದರೆ ಹೀಗೆ ಬರೆಯಬಹುದು: ವಾರದಲ್ಲಿ ಒಂದು ಸಂಜೆಯೂ ರೇಡಿಯೊ ಮುಂದೆ ಕೂರದಿದ್ದರೆ −2, ಒಂದು ಸಂಜೆ ಕೂತರೆ −1, ಎರಡು ಸಂಜೆ ಕೂತು ಮನಸ್ಸಿಟ್ಟು ಮಾಡಿದರೆ 0, ಅಂದರೆ ಅಂದುಕೊಂಡ ಗುರಿ. ಮೂರು ಸಂಜೆ ಆದರೆ +1, ನಾಲ್ಕು ಅಥವಾ ಜಾಸ್ತಿ ಆದರೆ +2. ಎಣಿಸೋಕೆ ಬರುತ್ತೆ, ಒಳಗಿನ ಭಾವನೆಗೆ ಹೆಸರು ಹುಡುಕುವ ಕಷ್ಟ ಇಲ್ಲ. ಸುಲಭದ ಗುರಿ ಇಟ್ಟುಕೊಂಡರೆ ಎಲ್ಲರೂ ಗೆಲ್ತಾರೆ ಅನ್ನೋದು ಇದರ ದೌರ್ಬಲ್ಯ. ಅದಕ್ಕೇ ಥೆರಪಿಸ್ಟ್ ಜೊತೆ ಕೂತು ಬರೆಯಬೇಕು, ಮಧ್ಯೆ ಬದಲಾಯಿಸಬಾರದು. ಎರಡು ಅಥವಾ ಮೂರು ಗುರಿ ಸಾಕು. ಒಂದು ಗುರಿ ಸುಸ್ತಿನ ಬಗ್ಗೆ ಇರಲಿ.

ಇದರ ಜೊತೆ ಬದುಕಿನ ಗುಣಮಟ್ಟವನ್ನೂ ಒಂದು ಸಲ ಅಳೆಯೋದು ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಪಟ್ಟಿ ಎಲ್ಲ ಕಡೆ ಬಳಕೆಯಲ್ಲಿದೆ. ಅದರ ಜೊತೆ ಸೇರಿಸೋಕೆ ಅಂತ, ಆಟಿಸಂ ಇರುವವರನ್ನೇ ಕೇಳಿ ಮಾಡಿದ 9 ಪ್ರಶ್ನೆಗಳ ಎಎಸ್‌ಕ್ಯೂಒಎಲ್ 2018ರಲ್ಲಿ ಬಂತು. ಆತಂಕಕ್ಕೂ ಹಾಗೇ, 20 ಪ್ರಶ್ನೆಗಳ ಎಎಸ್‌ಎ-ಎ 2020ರಲ್ಲಿ ಬಂದಿದೆ. ಈ ಕೊನೆಯ ಎರಡೂ ಇಂಗ್ಲಿಷಿನಲ್ಲಿ ತಯಾರಾದವು. ಬೇರೆ ಭಾಷೆಯಲ್ಲಿ ಬಳಸುವಾಗ ಸುಮ್ನೆ ಬಾಯಲ್ಲಿ ಅನುವಾದ ಮಾಡಿ ಕೇಳಿದರೆ ಅಂಕಕ್ಕೆ ಅರ್ಥ ಇರೋದಿಲ್ಲ. ಮಾತಾಡೋಕೆ ಪ್ರಶ್ನೆಗಳನ್ನು ಬಳಸಿಕೊಳ್ಳಬಹುದು, ಅಷ್ಟೇ.

ಮನೆಯವರು ಕೊಡುವ ಮಾಹಿತಿಗೂ ಬೆಲೆ ಇದೆ, ಆದರೆ ಕಾಣುವ ವಿಷಯಗಳಿಗೆ ಮಾತ್ರ. ಎಷ್ಟು ಹೊತ್ತಿಗೆ ಮಲಗಿದರು, ಎಷ್ಟು ದಿನ ಕೆಲಸಕ್ಕೆ ರಜೆ ಹಾಕಿದರು, ಸ್ನಾನ ಊಟ ಹೇಗಿದೆ, ಇವನ್ನು ನೀವು ಹೇಳಬಹುದು. ಒಳಗೆ ಏನಿದೆ ಅಂತ ಹೇಳೋಕೆ ಹೋಗಬೇಡಿ. ಮಾತೇ ಬಾರದವರು, ಬೌದ್ಧಿಕ ತೊಂದರೆಯೂ ಇರುವವರ ವಿಷಯದಲ್ಲಿ ಮನೆಯವರ ಗಮನಿಕೆಯೇ ಮುಖ್ಯ ಆಧಾರ ಆಗುತ್ತೆ. ಅವರನ್ನು ಹೆಚ್ಚಿನ ಅಧ್ಯಯನಗಳು ಹೊರಗೇ ಇಟ್ಟಿವೆ ಅನ್ನೋದು ಈ ಕ್ಷೇತ್ರದ ದೊಡ್ಡ ಅನ್ಯಾಯ.

ಇಷ್ಟೆಲ್ಲ ಯಾಕೆ ಮುಖ್ಯ ಅಂದರೆ, ಇದು ಅಪರೂಪದ ತೊಂದರೆ ಅಲ್ಲ. ಆಟಿಸಂ ಇರುವ ವಯಸ್ಕರಲ್ಲಿ 37% ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ, 42% ಜನರಿಗೆ ಆತಂಕದ ಕಾಯಿಲೆ ಬಂದಿರುತ್ತೆ ಅಂತ 2019ರ ಒಂದು ದೊಡ್ಡ ವಿಶ್ಲೇಷಣೆ ಅಂದಾಜು ಮಾಡಿದೆ. ಇಷ್ಟು ಜನರ ಚಿಕಿತ್ಸೆ ಮುಂದುವರಿಸೋದಾ, ನಿಲ್ಲಿಸೋದಾ ಅನ್ನೋದು ಇವರಿಗಾಗಿ ಮಾಡದ ಪ್ರಶ್ನಾವಳಿಗಳ ಮೇಲೆ ನಿಂತಿದೆ.

ಒಂದು ಪ್ರಶ್ನೆಯನ್ನು ಮಾತ್ರ ಬೇರೆಯಾಗಿ ಹೇಳ್ತೀನಿ. ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯದ್ದು. ಎರಡೂ ಸಲ ಅಲ್ಲಿ 0 ಇದೆ. ಆದರೆ ಕುಗ್ಗುವಿಕೆಗೂ ಮೊದಲು 0 ಇತ್ತಲ್ಲ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ದೊಡ್ಡವರಾದ ಮೇಲೆ ಆಸ್ಪರ್ಜರ್ (ಆಟಿಸಂನ ಒಂದು ಬಗೆಗೆ ಆಗ ಇದ್ದ ಹೆಸರು) ಅಂತ ಗೊತ್ತಾದ 374 ಜನರಲ್ಲಿ 66% ಜನ ಸಾಯುವ ಯೋಚನೆ ಬಂದಿತ್ತು ಅಂತ ಹೇಳಿದ್ದರು. ಹಾಗಾಗಿ ಆ ಸೊನ್ನೆ ನೋಡಿ ಮುಂದೆ ಹೋಗಬೇಡಿ. ಆಟಿಸಂ ಇರುವವರಿಗೆ ಅಂತಲೇ ತಿದ್ದಿ ಮಾಡಿದ ಎಸ್‌ಬಿಕ್ಯೂ-ಎಎಸ್‌ಸಿ ಅನ್ನೋ ಪ್ರಶ್ನಾವಳಿ 2021ರಿಂದ ಇದೆ. ಅದನ್ನು ಬಳಸಿ ಅಂತ ಥೆರಪಿಸ್ಟ್‌ಗೆ ಕೇಳಿ. ನೀವೂ ನೇರವಾಗಿ, ಸುತ್ತು ಬಳಸದೆ ಕೇಳಬಹುದು: "ಸಾಯಬೇಕು ಅನ್ನೋ ಯೋಚನೆ ಬರುತ್ತಾ?" ಕೇಳಿದ್ದರಿಂದ ಯೋಚನೆ ಹುಟ್ಟೋದಿಲ್ಲ. ಹೌದು ಅಂದರೆ ಅದೇ ದಿನ ಥೆರಪಿಸ್ಟ್ ಅಥವಾ ಡಾಕ್ಟರಿಗೆ ತಿಳಿಸಿ. ಹೇಗೆ ಅಂತ ಯೋಚಿಸಿಟ್ಟಿದ್ದರೆ ಒಬ್ಬರನ್ನೇ ಬಿಡಬೇಡಿ, ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋಗಿ.

ಥೆರಪಿ ಬದಲಾಯಿಸೋದರ ಬಗ್ಗೆ ನನ್ನ ಅಭಿಪ್ರಾಯ: ಈಗಲೇ ಬೇಡ, ಆದರೆ ಸುಮ್ನೆ ಮುಂದುವರಿಸೋದೂ ಬೇಡ. ಮುಂದಿನ ಭೇಟಿಗೆ ಈ ಎರಡು ಹಾಳೆಗಳನ್ನೇ ತಗೊಂಡು ಹೋಗಲಿ. ಏರಿದ ಎರಡು ಪ್ರಶ್ನೆಗಳ ಬಗ್ಗೆ ಮತ್ತು ನಿಂತಲ್ಲೇ ನಿಂತ ಸುಸ್ತಿನ ಬಗ್ಗೆ ಒಂದು ಪೂರ್ತಿ ಭೇಟಿ ಮಾತಾಡಲಿ. ಥೆರಪಿ ಅವರಿಗೆ ಹೊಂದುವ ಹಾಗಿದೆಯಾ ಅಂತಲೂ ಕೇಳಿ. ಬ್ರಿಟನ್ನಿನ ನೈಸ್ ಸಂಸ್ಥೆಯ 2012ರ ಮಾರ್ಗಸೂಚಿಯಲ್ಲಿ, ಆಟಿಸಂ ಇರುವ ವಯಸ್ಕರಿಗೆ ಥೆರಪಿ ಕೊಡುವಾಗ ಬರೆದು ಮತ್ತು ಚಿತ್ರದಲ್ಲಿ ತೋರಿಸಿ ಹೇಳಿ, ಉಪಮೆಗಳನ್ನು ಕಡಿಮೆ ಮಾಡಿ, ನಡುವೆ ಬಿಡುವು ಕೊಡಿ, ಅವರ ಇಷ್ಟದ ವಿಷಯಗಳನ್ನು ಬಳಸಿ ಅಂತ ಸ್ಪಷ್ಟವಾಗಿದೆ. ಇವನ್ನೆಲ್ಲ ಮಾಡದೆ ಥೆರಪಿ ಕೆಲಸ ಮಾಡ್ತಿಲ್ಲ ಅಂದರೆ ಅದು ಅರ್ಧ ಪರೀಕ್ಷೆ. ಸುಸ್ತಿಗೆ ದೇಹದ ಕಾರಣ ಇದೆಯಾ ಅಂತ ಥೈರಾಯ್ಡ್, ರಕ್ತಹೀನತೆಯ ಪರೀಕ್ಷೆಯೂ ಆಗಲಿ.

ಆಮೇಲೆ ಎಂಟು ವಾರ ನೋಡಿ. ಎರಡು ವಾರಕ್ಕೊಮ್ಮೆ ಮನೆಯಲ್ಲೇ, ಕ್ಯಾಲೆಂಡರ್ ಮುಂದಿಟ್ಟು ಅದೇ ಒಂಬತ್ತು ಪ್ರಶ್ನೆ. ವಾರಕ್ಕೊಮ್ಮೆ ಗುರಿಯ ಮೆಟ್ಟಿಲು. ಕುಗ್ಗುವಿಕೆಯ ಅಂಕ ಏರುತ್ತಲೇ ಹೋಗಿ, ಗುರಿ −1ರಲ್ಲೇ ನಿಂತು, ನಿದ್ದೆ ಮತ್ತೆ ಕೆಟ್ಟರೆ ನಿಮ್ಮ ಥೆರಪಿಸ್ಟ್ ಹೇಳಿದ್ದು ಸರಿ, ದಾರಿ ಬದಲಾಯಿಸಿ. ಅಂಕ ಎಲ್ಲಿದೆಯೋ ಅಲ್ಲೇ ಇದ್ದು ರೇಡಿಯೊ ಸಂಜೆಗಳು ಹೆಚ್ಚಿದರೆ ಮುಂದುವರಿಸಿ. ಥೆರಪಿ ಮುಗಿದ ಮೂರು ತಿಂಗಳಿಗೆ ಇನ್ನೊಂದು ಸಲ ಅಳೆಯೋಕೆ ಈಗಲೇ ದಿನ ಗೊತ್ತು ಮಾಡಿಕೊಳ್ಳಿ. ಮತ್ತೆ, ಮುಂದಿನ ಸಲ ನನಗೆ ಬರೆಯೋದಿದ್ದರೆ, ಸಾಧ್ಯವಾದರೆ ನಿಮ್ಮ ತಮ್ಮನೇ ಬರೆಯಲಿ. ಎರಡು ಸಾಲಾದರೂ ಸಾಕು.